ಕೆಂಪುಕಲ್ಲಿನ ಮನೆಯ ಉಪ್ಪರಿಗೆಗೆ ವೈಫೈ ಹತ್ತುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಮ್ಮದು ಕಟಪಾಡಿ ಹತ್ತಿರ ಅಜ್ಜನ ಕಾಲದ ಹಂಚಿನ ಮನೆ. ಕೆಂಪುಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ. ಬೆಂಗಳೂರಿನ ಕಂಪನಿಯೊಂದಕ್ಕೆ ಎರಡು ವರ್ಷದಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಫೈಬರ್ ಬಾಕ್ಸ್, ಅಂದರೆ ರೌಟರ್, ಕೆಳಗೆ ಚಾವಡಿಯ ಟಿವಿ ಶೋಕೇಸ್ ಒಳಗಿದೆ. ನಾನು ಕೂರುವುದು ಉಪ್ಪರಿಗೆಯ ಹಿಂದಿನ ಕೋಣೆಯಲ್ಲಿ. ಅಲ್ಲಿ ಒಂದು ಕಡ್ಡಿ, ಹೆಚ್ಚೆಂದರೆ ಎರಡು. ಮೀಟಿಂಗ್‌ನಲ್ಲಿ ನನ್ನ ಮಾತು ತುಂಡು ತುಂಡಾಗಿ ಹೋಗುತ್ತದಂತೆ. 100 ಎಂಬಿಪಿಎಸ್ ಪ್ಲಾನನ್ನು 200ಕ್ಕೆ ಏರಿಸಿದೆ, ಏನೂ ಬದಲಾಗಲಿಲ್ಲ. 1,800 ರೂಪಾಯಿ ಕೊಟ್ಟು ರಿಪೀಟರ್ (ವೈಫೈಯನ್ನು ಹಿಡಿದು ತಿರುಗಿ ಬಿಡುವ ಡಬ್ಬಿ) ತಂದು ಮೇಜಿನ ಪಕ್ಕ ಹಾಕಿದೆ. ಕಡ್ಡಿ ನಾಲ್ಕಾಯಿತು, ಕಾಲ್ ಮಾತ್ರ ಹಾಗೇ ಇದೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ಅಂಗಡಿಯವರು 14,000ದ ಮೆಶ್ ಸೆಟ್ (ಒಂದಕ್ಕೊಂದು ಮಾತಾಡಿಕೊಂಡು ಮನೆಗೆಲ್ಲ ವೈಫೈ ಹರಡುವ ಮೂರು ಡಬ್ಬಿ) ತೋರಿಸುತ್ತಿದ್ದಾರೆ. ಭಾವ ರೌಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಕಟ್ಟು ಎನ್ನುತ್ತಾರೆ. ಕೆಂಪುಕಲ್ಲಿನಲ್ಲಿ ಕಬ್ಬಿಣ ಇರುವುದರಿಂದ ಸಿಗ್ನಲ್ ದಾಟುವುದೇ ಇಲ್ಲ ಎಂದು ಗೆಳೆಯನೊಬ್ಬ ಹೇಳುತ್ತಾನೆ. ದುಬೈಯಲ್ಲಿರುವ ಅಣ್ಣ ಹಾಕಿಸಿದ ನಾಲ್ಕು ವೈಫೈ ಕ್ಯಾಮರಾಗಳೂ ಮನೆಯಲ್ಲಿವೆ. ಮಲಗುವ ಕೋಣೆ ಹತ್ತಿರ ಇನ್ನೊಂದು ಬಾಕ್ಸ್ ಬೇಡ ಎನ್ನುವುದು ಅಮ್ಮನ ಹಠ. ಮುಂದೆ ಹಳೇ ದನದ ಹಟ್ಟಿಯನ್ನು ರಿಪೇರಿ ಮಾಡಿಸಿ ಅಲ್ಲೇ ಆಫೀಸು ಮಾಡುವ ಯೋಚನೆಯೂ ಇದೆ. ಅದು ಮನೆಯಿಂದ 30 ಮೀಟರ್ ದೂರ. ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು "ಕಡ್ಡಿ ನಾಲ್ಕಾಯಿತು, ಕಾಲ್ ಮಾತ್ರ ಹಾಗೇ ಇದೆ" ಎಂಬ ಸಾಲು. ನಿಮ್ಮ ಸಮಸ್ಯೆಯ ಅರ್ಧ ಉತ್ತರ ಅದರಲ್ಲೇ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದು ಮಾತು: ಆ 14,000 ರೂಪಾಯಿ ಸದ್ಯಕ್ಕೆ ಜೇಬಿನಲ್ಲೇ ಇರಲಿ.

ಉಡುಪಿ ಸುತ್ತಮುತ್ತ ಮನೆಗಳಿಗೆ, ಸಣ್ಣ ಆಫೀಸುಗಳಿಗೆ ನೆಟ್‌ವರ್ಕ್ ಹಾಕುವ ಕೆಲಸ ನನ್ನದು. ಮನೆಯಿಂದ ಕೆಲಸ ಶುರುವಾದ ಮೇಲೆ ಬರುವ ಫೋನ್‌ಗಳಲ್ಲಿ ಜಾಸ್ತಿ ಪಾಲು ನಿಮ್ಮಂಥವೇ. ಎಲ್ಲರೂ "ನೆಟ್ ಸ್ಲೋ" ಎಂದೇ ಹೇಳುತ್ತಾರೆ. ಆದರೆ ನೆಟ್ ಎಂದರೆ ಎರಡು ದಾರಿ. ಹೊರಗಿನ ಕಂಬದಿಂದ ನಿಮ್ಮ ಬಾಕ್ಸ್ ತನಕ ಒಂದು, ಬಾಕ್ಸ್‌ನಿಂದ ಲ್ಯಾಪ್‌ಟಾಪ್ ತನಕ ಇನ್ನೊಂದು. ಮೊದಲನೆಯದು ಕೆಟ್ಟರೆ ಕೇಬಲಿನವರಿಗೆ ಫೋನ್ ಮಾಡಬೇಕು. ಎರಡನೆಯದು ಕೆಟ್ಟರೆ ಅವರು ಬಂದೂ ಏನೂ ಮಾಡಲಾರರು. ಯಾವುದು ಕೆಟ್ಟಿದೆ ಎಂದು ನೋಡದೆ ಸಾಮಾನು ತಂದರೆ ದುಡ್ಡು ಸುಮ್ನೆ ಹೋಗುತ್ತದೆ.

ನೋಡುವುದು ಕಷ್ಟವಲ್ಲ. ಪಿಂಗ್ ಎಂಬ ಪರೀಕ್ಷೆ ಸಾಕು: ಸಣ್ಣ ಸಂದೇಶ ಕಳಿಸಿ ಉತ್ತರ ಬರಲು ಎಷ್ಟು ಹೊತ್ತು ಬೇಕು ಎಂದು ಅದು ಅಳೆಯುತ್ತದೆ. ಲ್ಯಾಪ್‌ಟಾಪನ್ನು ನೀವು ಕೂರುವ ಜಾಗದಲ್ಲೇ ಇಡಿ. ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟ್ ತೆರೆದು, ಪಿಂಗ್ (ping) ಎಂದು ಹೊಡೆದು, ಮುಂದೆ ರೌಟರಿನ ವಿಳಾಸ ಕೊಡಿ. ಅದು ಬಾಕ್ಸ್ ಹಿಂದಿನ ಸ್ಟಿಕ್ಕರಿನಲ್ಲಿರುತ್ತದೆ, ಹೆಚ್ಚಾಗಿ 192.168.1.1. ಕೊನೆಗೆ ಒಂದು ಜಾಗ ಬಿಟ್ಟು ಮೈನಸ್ ಗುರುತು ಮತ್ತು ಟಿ ಅಕ್ಷರ ಹಾಕಿದರೆ ನಿಲ್ಲಿಸುವ ತನಕ ಓಡುತ್ತಿರುತ್ತದೆ. ಇನ್ನೊಂದು ಕಿಟಕಿ ತೆರೆದು ಅದನ್ನೇ 8.8.8.8ಕ್ಕೆ ಮಾಡಿ. ಅದು ಗೂಗಲ್‌ನವರ ವಿಳಾಸ, ಮನೆಯಿಂದ ಹೊರಗಿನದು. ಎರಡನ್ನೂ ಒಂದು ಮೀಟಿಂಗ್ ಪೂರ್ತಿ ಓಡಲು ಬಿಡಿ.

ರೌಟರಿನ ಕಿಟಕಿಯಲ್ಲಿ 2, 3, 5 ಮಿಲಿಸೆಕೆಂಡ್ ಎಂದು ಬರುತ್ತಿದ್ದರೆ ಮನೆಯೊಳಗಿನ ದಾರಿ ಚೆನ್ನಾಗಿದೆ. ಅದೇ 4, 6, 180, 9, 420, ಆಮೇಲೆ "ಟೈಮ್ಡ್ ಔಟ್" ಎಂದು ಬಂದರೆ ತೊಂದರೆ ನಿಮ್ಮ ಮನೆಯೊಳಗೇ ಇದೆ. ಹತ್ತು ಹೆಜ್ಜೆ ದೂರದ ಬಾಕ್ಸ್‌ನಿಂದ ಉತ್ತರ ಬರಲು ಅರ್ಧ ಸೆಕೆಂಡ್ ಬೇಕಾದರೆ ಬೆಂಗಳೂರಿನ ಮಾತು ಬಿಡಿ. ರೌಟರ್ ಸರಿಯಿದ್ದು 8.8.8.8 ಮಾತ್ರ ಕುಣಿಯುತ್ತಿದ್ದರೆ ಲೈನಿನದ್ದೇ ದೋಷ. ಆಗ ಬಾಕ್ಸ್‌ನ ಸೆಟ್ಟಿಂಗ್ ಪುಟದಲ್ಲಿ ಬರುವ ಬೆಳಕಿನ ಮಟ್ಟ ನೋಡಿ. ಡಿಬಿಎಂ ಎಂದರೆ ಸಿಗ್ನಲ್ಲಿನ ಬಲದ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಬಲ ಕಡಿಮೆ. ಮೈನಸ್ 27 ಡಿಬಿಎಂ ಆಸುಪಾಸಿದ್ದರೆ ಅಂಚಿನಲ್ಲಿದೆ ಎಂದರ್ಥ. ಎಲ್ಲೋ ಫೈಬರ್ ಮಡಚಿರಬಹುದು ಅಥವಾ ಜಾಯಿಂಟಿಗೆ ನೀರು ಹೋಗಿರಬಹುದು. ಗೋಡೆಯ ಮೊಳೆಗೆ ಫೈಬರನ್ನು ಸುತ್ತಿಟ್ಟ ಮನೆಗಳನ್ನು ಎಷ್ಟೋ ನೋಡಿದ್ದೇನೆ. ಬಟ್ಟೆ ಒಣಹಾಕುವ ಹಗ್ಗವಲ್ಲ ಅದು. ಬಿಗಿಯಾಗಿ ಬಾಗಿದ ಕಡೆ ಬೆಳಕು ಸೋರಿಹೋಗುತ್ತದೆ.

ನೀವು ಬರೆದದ್ದನ್ನು ನೋಡಿದರೆ ನಿಮ್ಮ ಕಾಟ ಮನೆಯೊಳಗಿನದೇ ಎಂದು ಬಹುಮಟ್ಟಿಗೆ ಅನಿಸುತ್ತದೆ. ಆದರೂ ಪಿಂಗ್ ಮಾಡಿ ಖಾತ್ರಿ ಮಾಡಿಕೊಳ್ಳಿ.

ಈಗ ನಿಮಗೆ ಸಿಕ್ಕಿದ ಸಲಹೆಗಳನ್ನು ನೋಡೋಣ.

ಪ್ಲಾನ್ ಏರಿಸಿದ್ದು ಯಾಕೆ ಉಪಯೋಗಕ್ಕೆ ಬರಲಿಲ್ಲ? ಒಂದು ಒಳ್ಳೇ ವಿಡಿಯೋ ಕಾಲ್‌ಗೆ 3-4 ಎಂಬಿಪಿಎಸ್ ಇದ್ದರೆ ಧಾರಾಳ ಸಾಕು. ನಿಮಗೆ 100 ಇದ್ದಾಗಲೂ ಕೊರತೆ ಇರಲಿಲ್ಲ. ಊರ ಟ್ಯಾಂಕಿಗೆ ನೀರು ಜಾಸ್ತಿ ಬಂದ ಮಾತ್ರಕ್ಕೆ ಉಪ್ಪರಿಗೆಯ ನಲ್ಲಿಯಲ್ಲಿ ನೀರು ಬರುವುದಿಲ್ಲ, ಅಲ್ವಾ? ಮುಂದಿನ ಬಿಲ್ಲಿಗೆ ಮೊದಲು 100ಕ್ಕೇ ಇಳಿಸಿ.

ಫಾಯಿಲ್ ಬಗ್ಗೆ ಭಾವ ಹೇಳಿದ್ದು ಪೂರ್ತಿ ಸುಳ್ಳಲ್ಲ. ಲೋಹದ ಹಾಳೆ ರೇಡಿಯೋ ಅಲೆಯನ್ನು ಕನ್ನಡಿ ಹಾಗೆ ಹಿಂದಕ್ಕೆ ಕಳಿಸುತ್ತದೆ. ಹಾಗಾಗಿ ಒಂದು ದಿಕ್ಕಿಗೆ ಒಂದಿಷ್ಟು ಜಾಸ್ತಿ ಸಿಗಬಹುದು. ಆದರೆ ಬೇಕಾದಲ್ಲಿಗೆ ಹೋಗುವುದು ಅದೃಷ್ಟದ ಮಾತು, ಮತ್ತೊಂದು ಕೋಣೆಗೆ ಇದ್ದದ್ದೂ ಹೋಗುತ್ತದೆ. ಫಾಯಿಲ್ ಅಡುಗೆಮನೆಗೇ ಇರಲಿ.

ದೊಡ್ಡ ಆಂಟೆನಾದ "ಹೈ ಪವರ್" ರೌಟರ್ ಬಗ್ಗೆ ನೀವು ಕೇಳಿಲ್ಲ. ಆದರೆ ಅಂಗಡಿಗೆ ಹೋದರೆ ಅದನ್ನೂ ತೋರಿಸುತ್ತಾರೆ, ಅದಕ್ಕೆ ಹೇಳುತ್ತಿದ್ದೇನೆ. ವೈಫೈ ರೇಡಿಯೋ ಸ್ಟೇಶನ್ ಅಲ್ಲ, ಎರಡೂ ಕಡೆಯ ಮಾತುಕತೆ. ರೌಟರ್ ಎಷ್ಟು ಗಟ್ಟಿಯಾಗಿ ಕೂಗಿದರೂ ಲ್ಯಾಪ್‌ಟಾಪಿನ ಸಣ್ಣ ಸ್ವರ ತಿರುಗಿ ಗೋಡೆ ದಾಟಿ ಅದಕ್ಕೆ ಕೇಳಬೇಕು. ನಿಮಗೆ ಎಲ್ಲರ ಮಾತು ಸರಿಯಾಗಿ ಕೇಳಿಸಿ, ನಿಮ್ಮ ಮಾತು ಮಾತ್ರ ಅವರಿಗೆ ತುಂಡಾಗುವುದಕ್ಕೆ ಇದೂ ಒಂದು ಕಾರಣ.

ಗೆಳೆಯರು ಹೇಳಿದ ಕಬ್ಬಿಣದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮ ಕರಾವಳಿಯ ಮನೆಗಳ ಗುಟ್ಟು ಇರುವುದು ಇಲ್ಲೇ. ಕೆಂಪುಕಲ್ಲಿನಲ್ಲಿ ಕಬ್ಬಿಣ ಇದೆ, ಹೌದು. ಆ ಕೆಂಪು ಬಣ್ಣವೇ ಅದರದ್ದು. ಆದರೆ ಅದು ತುಕ್ಕಿನ ರೂಪದಲ್ಲಿದೆ, ತಗಡಿನ ರೂಪದಲ್ಲಿಲ್ಲ. ತಗಡಿನ ಹಾಗೆ ಅಲೆಯನ್ನು ತಡೆದು ನಿಲ್ಲಿಸುವುದಿಲ್ಲ. ನಿಜವಾದ ತೊಂದರೆ ಎರಡು: ದಪ್ಪ ಮತ್ತು ನೀರು. ಒಂದೂವರೆ ಅಡಿ ಗೋಡೆಯನ್ನು ಸಿಗ್ನಲ್ ನೇರವಾಗಿ ದಾಟಿದರೆ ಒಂದೂವರೆ ಅಡಿ. 45 ಡಿಗ್ರಿ ಓರೆಯಾಗಿ ದಾಟಿದರೆ ಅದೇ ಗೋಡೆ ಎರಡಡಿಗೂ ಮಿಕ್ಕಿ ಆಗುತ್ತದೆ. ಚಾವಡಿಯ ಮೂಲೆಯಿಂದ ಹಿಂದಿನ ಉಪ್ಪರಿಗೆಗೆ ಹೋಗುವ ದಾರಿ ಓರೆಯೇ. ಅಂಥ ಎರಡು ಗೋಡೆ ಅಡ್ಡ ಬಂದರೆ ಕಥೆ ಮುಗಿಯಿತು.

ಇನ್ನು ನೀರು. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಕೆಂಪುಕಲ್ಲು ಎಂದರೆ ತೂತು ತೂತು ಕಲ್ಲು. ಸಾರಣೆ ಇಲ್ಲದ ಗೋಡೆ ಜುಲೈ ಹೊತ್ತಿಗೆ ನೀರು ಕುಡಿದು ತಣ್ಣಗೆ ಕೂತಿರುತ್ತದೆ, ಕೈಯಿಟ್ಟರೆ ಗೊತ್ತಾಗುತ್ತದೆ. ನೀರು ವೈಫೈ ಅಲೆಯನ್ನು ಚೆನ್ನಾಗಿ ಹೀರುತ್ತದೆ. ಆಕಾಶದಿಂದ ಬೀಳುವ ಹನಿಯಿಂದ ನಿಮ್ಮ ವೈಫೈಗೆ ಏನೂ ಆಗುವುದಿಲ್ಲ. ಮನೆಯ ಅಳತೆಯ ದೂರಕ್ಕೆ ಅದು ಲೆಕ್ಕಕ್ಕಿಲ್ಲ. ಗೋಡೆ ಕುಡಿದ ನೀರಿನದ್ದೇ ಕಾಟ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿದ್ದ ಕೋಣೆ ಆಟಿ ತಿಂಗಳಲ್ಲಿ, ಅಂದರೆ ಆಷಾಢದ ಹೊತ್ತಿಗೆ, ಕೈಕೊಡುವುದನ್ನು ನಾನೇ ಕಂಡಿದ್ದೇನೆ. ಮಳೆಗಾಲದಲ್ಲಿ ಕಷ್ಟ ಎಂದು ನೀವು ಬರೆದದ್ದು ಭ್ರಮೆಯಲ್ಲ.

ಆದರೆ ಅದೇ ಮನೆಯಲ್ಲಿ ಒಂದು ಸಿರಿಯೂ ಇದೆ. ಉಪ್ಪರಿಗೆಯ ನೆಲ ಮರದ ಮುಚ್ಚಿಗೆಯಾಗಿದ್ದರೆ ಸಿಗ್ನಲ್ ಅದನ್ನು ಸಲೀಸಾಗಿ ದಾಟುತ್ತದೆ. ಒಣಗಿದ ಹಲಗೆ ಕೆಂಪುಕಲ್ಲಿನ ಎದುರು ಏನೂ ಅಲ್ಲ. ಹಳೇ ಹಂಚಿನ ಮನೆಗಳಲ್ಲಿ ಒಳಗೋಡೆಗಳು ಎಷ್ಟೋ ಸಲ ಹಂಚಿನ ತನಕ ಹೋಗುವುದಿಲ್ಲ. ಗೋಡೆಯ ತಲೆಯ ಮೇಲೆ, ಹಂಚು ಹೊರುವ ಪಕ್ಕಾಸುಗಳ ಕೆಳಗೆ, ಜಾಗ ಖಾಲಿ ಇರುತ್ತದೆ. ಸ್ಲ್ಯಾಬ್ ಹಾಕಿದ ಮನೆಯಲ್ಲಿ ಈ ಭಾಗ್ಯ ಇಲ್ಲ. ಅಲ್ಲಿ ಕಾಂಕ್ರೀಟಿನೊಳಗೆ ಸರಳಿನ ಜಾಲರಿ ಇರುತ್ತದೆ, ಮಾಳಿಗೆಗೆ ಸಿಗ್ನಲ್ ಕಳಿಸುವುದೇ ದೊಡ್ಡ ಪಾಡು. ನಿಮ್ಮಂಥ ಮನೆಗೆ ನನ್ನ ಸೂತ್ರ ಒಂದೇ: ಗೋಡೆ ತೂರಿ ಹೋಗಬೇಡಿ, ಗೋಡೆ ಹತ್ತಿ ಹೋಗಿ.

ಈಗ ಆ ರಿಪೀಟರ್ ಕಥೆ. ಕಡ್ಡಿ ತೋರಿಸುವುದು ನಿಮ್ಮ ಲ್ಯಾಪ್‌ಟಾಪ್ ಮತ್ತು ರಿಪೀಟರ್ ನಡುವಿನ ಸಿಗ್ನಲನ್ನು. ರಿಪೀಟರ್ ಮತ್ತು ಕೆಳಗಿನ ಬಾಕ್ಸ್ ನಡುವೆ ಏನು ನಡೆಯುತ್ತಿದೆ ಎಂದು ಅದು ಹೇಳುವುದೇ ಇಲ್ಲ. ನೀವು ಅದನ್ನು ಇಟ್ಟದ್ದು ಮೇಜಿನ ಪಕ್ಕ, ಅಂದರೆ ಸಿಗ್ನಲ್ ಸತ್ತಿರುವ ಜಾಗದಲ್ಲೇ. ಅದಕ್ಕೇ ಸರಿಯಾಗಿ ಕೇಳಿಸುತ್ತಿಲ್ಲ. ಅರ್ಧಂಬರ್ಧ ಕೇಳಿದ್ದನ್ನು ಅದು ದೊಡ್ಡ ಸ್ವರದಲ್ಲಿ ನಿಮಗೆ ಹೇಳುತ್ತಿದೆ. ಇನ್ನೊಂದು: ಒಂದೇ ಬ್ಯಾಂಡಿನ (ಅಂದರೆ ಒಂದೇ ತರಂಗಪಟ್ಟಿಯ) ರಿಪೀಟರ್ ಅದರೊಳಗಿನ ಒಂದೇ ಚಾನೆಲ್‌ನಲ್ಲಿ ಕೇಳಬೇಕು, ಅದರಲ್ಲೇ ತಿರುಗಿ ಹೇಳಬೇಕು. ಪ್ರತಿ ಮಾತೂ ಗಾಳಿಯಲ್ಲಿ ಎರಡು ಸಲ ಹೋಗುತ್ತದೆ, ವೇಗ ಸುಮಾರು ಅರ್ಧಕ್ಕೆ ಬೀಳುತ್ತದೆ. ಮೆಶ್ ಸೆಟ್ಟಿನದ್ದೂ ಬೇರೆ ಮಾಯೆಯಲ್ಲ. ಮೂರು ಡಬ್ಬಿಗಳು ಗಾಳಿಯಲ್ಲೇ ಒಂದಕ್ಕೊಂದು ಮಾತಾಡಬೇಕಾದರೆ ನಡುವೆ ಅದೇ ಒದ್ದೆ ಗೋಡೆಯೇ ಇರುತ್ತದೆ. ರಿಪೀಟರಿಗಿಂತ ಜಾಣತನದ ಸಾಮಾನು ಅದು, ಸುಳ್ಳಲ್ಲ. ಒಂದರಿಂದ ಇನ್ನೊಂದಕ್ಕೆ ಲ್ಯಾಪ್‌ಟಾಪನ್ನು ಸರಾಗವಾಗಿ ದಾಟಿಸುತ್ತದೆ. ಆದರೆ ಅದು ನಿಜವಾಗಿ ಹೊಳೆಯುವುದು ಡಬ್ಬಿಗಳನ್ನು ವಯರಿನಿಂದ ಜೋಡಿಸಿದಾಗ. ವಯರ್ ಎಳೆದ ಮೇಲೆ 14,000ದ ಮೆಶ್ ಯಾಕೆ, ಸಾದಾ ಆಕ್ಸೆಸ್ ಪಾಯಿಂಟ್ (ವಯರಿನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಬಿಡುವ ಡಬ್ಬಿ) ಸಾಕಾಗುತ್ತದೆ.

ನಿಮಗೆ ನಾನು ಹೇಳುವ ದಾರಿ ಅದೇ: ಡಬ್ಬಿಗೆ ದುಡ್ಡು ಹಾಕುವ ಬದಲು ವಯರಿಗೆ ಹಾಕಿ.

ಆದರೆ ಮೊದಲು ದುಡ್ಡಿಲ್ಲದ ಕೆಲಸಗಳು. ಬಾಕ್ಸನ್ನು ಇವತ್ತೇ ಶೋಕೇಸಿನಿಂದ ಹೊರಗೆ ತೆಗೆಯಿರಿ. ಟಿವಿ ಹಿಂದೆ, ಸ್ಟೀಲ್ ಕಪಾಟಿನ ಪಕ್ಕ, ಕನ್ನಡಿ ಎದುರು ಇಡಬೇಡಿ. ಕನ್ನಡಿಯ ಬೆನ್ನಿಗೆ ಲೋಹದ ಲೇಪ ಇರುತ್ತದೆ. ಫೈಬರ್ ವಯರಿಗೆ ಉದ್ದ ಇದ್ದರೆ ಬಾಕ್ಸನ್ನು ತಲೆಯ ಮಟ್ಟಕ್ಕಿಂತ ಮೇಲೆ, ಉಪ್ಪರಿಗೆಯ ಮೆಟ್ಟಿಲ ಬಾಯಿಗೆ ಕಾಣುವ ಹಾಗೆ ಇಡಿ. ಟಿವಿ ಪಕ್ಕ ಬಾಕ್ಸ್ ಇಡುವುದು ಕೇಬಲ್ ಟಿವಿ ಕಾಲದ ಚಾಳಿ. ಹಳೇ ವಯರ್ ಬಂದ ತೂತಿನಲ್ಲೇ ಫೈಬರ್ ಬಂತು, ಅಲ್ಲೇ ಬಾಕ್ಸೂ ಕೂತಿತು.

ಆಮೇಲೆ ಫೋನಿನಲ್ಲಿ ವೈಫೈ ಅನಲೈಸರ್ ಥರದ ಒಂದು ಆ್ಯಪ್ ಹಾಕಿಕೊಂಡು ಮನೆಯೊಳಗೆ ನಿಧಾನ ನಡೆಯಿರಿ. ಕಡ್ಡಿ ನೋಡಬೇಡಿ, ಅಂಕಿ ನೋಡಿ. ವೈಫೈಯ ಲೆಕ್ಕ ಫೈಬರಿನ ಬೆಳಕಿನದ್ದಕ್ಕಿಂತ ಬೇರೆ: ಇಲ್ಲಿ ಮೈನಸ್ 50 ಡಿಬಿಎಂ ಎಂದರೆ ಬಹಳ ಚೆನ್ನ. ಕಾಲ್‌ಗೆ ಮೈನಸ್ 67ರ ತನಕ ಪರವಾಗಿಲ್ಲ. ಮೈನಸ್ 75 ದಾಟಿದರೆ ತೊಂದರೆ ಶುರು. ಪ್ರತಿ 3 ಡಿಬಿ ಇಳಿದಾಗ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಸಣ್ಣ ಅಂಕಿ ಎಂದು ತಾತ್ಸಾರ ಬೇಡ. ಚಾವಡಿ, ಮೆಟ್ಟಿಲು, ಉಪ್ಪರಿಗೆಯ ಬಾಗಿಲು, ನಿಮ್ಮ ಮೇಜು, ನಾಲ್ಕು ಕಡೆ ಬರೆದಿಟ್ಟುಕೊಳ್ಳಿ. ಅಂಕಿ ದಿಢೀರ್ ಬೀಳುವ ಜಾಗ ಎಲ್ಲಿದೆ ಎಂದು ಗೊತ್ತಾಗುತ್ತದೆ. ಆ ಗೋಡೆ ದಾಟಿ ನಿಮ್ಮ ಮೇಜಿನ ಕಡೆಗೇ ವಯರ್ ಬರಬೇಕು.

ಎರಡು ಬ್ಯಾಂಡಿನ ವಿಚಾರ ನಿಮಗೆ ಗೊತ್ತಿರಬಹುದು. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಗೆ ಸ್ವಲ್ಪ ತಡೆದುಕೊಳ್ಳುತ್ತದೆ, ನಿಧಾನ. 5 ಗಿಗಾಹರ್ಟ್ಸ್ ವೇಗ, ಆದರೆ ದಪ್ಪ ಗೋಡೆ ಕಂಡರೆ ಸೋಲುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರು ಕೊಟ್ಟು ನಿಮ್ಮ ಮೇಜಿನ ಬಳಿ ಯಾವುದು ಸ್ಥಿರ ಎಂದು ನೋಡಿ. ಮಂಗಳೂರಿನ ಬಿಜೈ, ಕದ್ರಿ ಕಡೆಯ ಫ್ಲ್ಯಾಟಿನವರಾಗಿದ್ದರೆ ನಾನು ಬೇರೆಯೇ ಮಾತಾಡುತ್ತಿದ್ದೆ. ಅಲ್ಲಿ ಗೋಡೆಗಿಂತ ಪಕ್ಕದ ಇಪ್ಪತ್ತು ಮನೆಗಳ ವೈಫೈಯದ್ದೇ ಗದ್ದಲ, ಅವರು 5ಕ್ಕೇ ಅಂಟಿಕೊಳ್ಳಬೇಕು. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ನಿಮ್ಮ ಕಡೆ ಪಕ್ಕದ ಮನೆ ತೆಂಗಿನ ತೋಟದಾಚೆ ಇರುತ್ತದೆ, ಈ ತಲೆನೋವು ಕಡಿಮೆ.

ಆದರೆ ನಿಮ್ಮ ಮನೆಯೊಳಗೇ ಗದ್ದಲ ಮಾಡುವವರು ಇದ್ದಾರೆ. ಅಣ್ಣನ ನಾಲ್ಕು ಕ್ಯಾಮರಾ. ಮಕ್ಕಳು ಗಲ್ಫ್‌ನಲ್ಲೋ ಮುಂಬೈಯಲ್ಲೋ ಇರುವ ನಮ್ಮೂರಿನ ಮನೆಗಳಲ್ಲಿ ಇದು ಮಾಮೂಲು. ಗೇಟಿನ ಹತ್ತಿರ ಒಂದು, ಅಂಗಳಕ್ಕೆ ಒಂದು, ಬಾವಿಕಟ್ಟೆ ಕಡೆಗೆ ಒಂದು. ಎಲ್ಲವೂ ಹೆಚ್ಚಾಗಿ 2.4ರಲ್ಲೇ ಓಡುವುದು. ವೈಫೈಯಲ್ಲಿ ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದು. ಒಬ್ಬರೇ ಗುಮಾಸ್ತರಿರುವ ಬ್ಯಾಂಕಿನ ಕೌಂಟರಿನಲ್ಲಿ ಅಜ್ಜರೊಬ್ಬರು ಚಿಲ್ಲರೆ ಎಣಿಸುತ್ತ ನಿಂತರೆ ಹಿಂದಿನವರ ಗತಿ ಏನು? ಗೇಟಿನ ಕ್ಯಾಮರಾ ಆ ಅಜ್ಜ. ಸಿಗ್ನಲ್ ಬಡಕಲು, ಹಾಗಾಗಿ ಅದು ನಿಧಾನ ಮಾತಾಡುತ್ತದೆ, ಬಹಳ ಹೊತ್ತು ಕೌಂಟರ್ ಹಿಡಿದುಕೊಳ್ಳುತ್ತದೆ. ಪ್ಲಾನ್ 200 ಇದ್ದರೂ ಅದಕ್ಕೆ ಸಂಬಂಧವಿಲ್ಲ. ಮೇಲಾಗಿ ಕ್ಲೌಡಿಗೆ ವಿಡಿಯೋ ಕಳಿಸುವ ಕ್ಯಾಮರಾ ಆದರೆ ಇಡೀ ದಿನ ಅಪ್‌ಲೋಡ್.

ಒಂದು ಪರೀಕ್ಷೆ ಮಾಡಿ. ನಾಳೆ ಮೀಟಿಂಗ್ ಹೊತ್ತಿಗೆ ನಾಲ್ಕೂ ಕ್ಯಾಮರಾಗಳ ಪ್ಲಗ್ ತೆಗೆಯಿರಿ, ಅಣ್ಣನಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ದುಬೈಯಿಂದ ಗಾಬರಿಯ ಫೋನ್ ಬರುತ್ತದೆ. ಕಾಲ್ ಸುಧಾರಿಸಿದರೆ ಕಳ್ಳ ಸಿಕ್ಕಿದ ಹಾಗೆ. ಆಗ ಕ್ಯಾಮರಾದ ರೆಸಲ್ಯೂಶನ್ ಇಳಿಸಿ, ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡಿ, ಏನಾದರೂ ಅಲುಗಾಡಿದರೆ ಮಾತ್ರ ಕ್ಲೌಡಿಗೆ ಹೋಗುವ ಹಾಗೆ ಇಡಿ. ನೀವು 5 ಗಿಗಾಹರ್ಟ್ಸ್‌ಗೆ ಹೋದರೆ ಕ್ಯಾಮರಾಗಳ ಕೌಂಟರ್ ಬೇರೆ, ನಿಮ್ಮದು ಬೇರೆ. ಅದಕ್ಕೆ ನಿಮ್ಮ ಕೋಣೆಯಲ್ಲಿ 5 ಚೆನ್ನಾಗಿ ಸಿಗಬೇಕು, ಅದಕ್ಕೇ ವಯರ್.

ವಯರಿನ ಕೆಲಸ ಹೀಗೆ. ಕ್ಯಾಟ್ 6 ಕೇಬಲ್ ತನ್ನಿ. 100 ಮೀಟರ್ ತನಕ ಅದು ನೆಟ್ ಸಾಗಿಸುತ್ತದೆ, ನಿಮಗೆ 20-25 ಮೀಟರ್ ಸಾಕು. ಪೂರ್ತಿ ತಾಮ್ರದ್ದೇ ಎಂದು ಕೇಳಿ ತೆಗೆದುಕೊಳ್ಳಿ. ಸಿಸಿಎ ಎಂದು ಅಗ್ಗದ್ದು ಬರುತ್ತದೆ, ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬಾಗಿಸಿದರೆ ಮುರಿಯುತ್ತದೆ, ನಮ್ಮ ಉಪ್ಪುಗಾಳಿಗೆ ತುದಿ ಬೇಗ ಹಾಳಾಗುತ್ತದೆ. ಚಾವಡಿಯ ಬಾಕ್ಸ್‌ನಿಂದ ಗೋಡೆ ಮೂಲೆ ಹಿಡಿದು ಮೇಲೇರಿಸಿ, ಮೆಟ್ಟಿಲ ಬಾಯಿಯಿಂದ ಉಪ್ಪರಿಗೆಗೆ ತಂದು, ಪಕ್ಕಾಸಿನ ಪಕ್ಕದಲ್ಲಿ ಕ್ಲಿಪ್ ಹೊಡೆದು ಕೋಣೆ ತನಕ ಒಯ್ಯಬಹುದು. ಗೋಡೆ ಕೊರೆಯುವ ಕೆಲಸವೇ ಇರಲಿಕ್ಕಿಲ್ಲ. ಕೊರೆಯಲೇಬೇಕಾದರೂ ಕೆಂಪುಕಲ್ಲು ಕಾಂಕ್ರೀಟಿಗಿಂತ ಮೆದು, ಉದ್ದ ಬಿಟ್ ಇರುವವರು ಬೇಕಷ್ಟೆ. ಕರೆಂಟಿನ ವಯರಿನ ಪೈಪಿನೊಳಗೆ ಇದನ್ನು ಸೇರಿಸಬೇಡಿ. ಇಲಿ ಓಡಾಡುವ ಅಟ್ಟವಾದರೆ ಪಿವಿಸಿ ಪಟ್ಟಿ ಹಾಕಿಸಿ.

ಮೇಲಿನ ತುದಿಯನ್ನು ನೇರ ಲ್ಯಾಪ್‌ಟಾಪಿಗೇ ಚುಚ್ಚಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಲ್ಯಾಪ್‌ಟಾಪಿನಲ್ಲಿ ಲ್ಯಾನ್ ಕಿಂಡಿ ಇಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ಅಡಾಪ್ಟರ್ ಸಿಗುತ್ತದೆ, ಗಿಗಾಬಿಟ್ ಎಂದು ಬರೆದದ್ದನ್ನು ತನ್ನಿ. ಫೋನಿಗೂ ಮನೆಯವರಿಗೂ ಉಪ್ಪರಿಗೆಯಲ್ಲಿ ವೈಫೈ ಬೇಕಾದರೆ ಆ ತುದಿಗೆ ಆಕ್ಸೆಸ್ ಪಾಯಿಂಟ್ ಹಾಕಿ. ಎರಡು ಬ್ಯಾಂಡಿನದ್ದು ಎರಡರಿಂದ ನಾಲ್ಕು ಸಾವಿರದೊಳಗೆ ಬರುತ್ತದೆ. ಮನೆಯಲ್ಲಿ ಹಳೇ ರೌಟರ್ ಬಿದ್ದಿದ್ದರೆ ಅದೂ ಆಗುತ್ತದೆ: ಅದರ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ವಯರನ್ನು ಅದರ ಲ್ಯಾನ್ ಕಿಂಡಿಗೆ ಚುಚ್ಚಿ. ಕೆಳಗಿನ ಬಾಕ್ಸ್‌ನ ಹೆಸರು, ಪಾಸ್‌ವರ್ಡ್ ಎರಡನ್ನೂ ಇದಕ್ಕೂ ಕೊಟ್ಟು, ಚಾನೆಲ್ ಮಾತ್ರ ಬೇರೆ ಇಡಿ. ಡಿಎಚ್‌ಸಿಪಿ ನಿಲ್ಲಿಸುವುದನ್ನು ಮರೆತರೆ ಮನೆಯಲ್ಲಿ ಇಬ್ಬರು ಯಜಮಾನರಾದ ಹಾಗೆ, ಯಾರ ಫೋನಿಗೆ ಯಾವಾಗ ನೆಟ್ ಹೋಗುತ್ತದೆ ಎಂದು ಹೇಳಲಾಗದು.

ಪ್ಲಾನ್ ಇನ್ನೂ 200 ಇರುವಾಗಲೇ (100ಕ್ಕೆ ಇಳಿಸಿದ ಮೇಲಾದರೆ ಈ ಅಂಕಿ ಸಹಜವೇ) ವಯರ್ ಹಾಕಿ ವೇಗ ನೋಡಿದಾಗ 94 ಎಂಬಿಪಿಎಸ್ ಹತ್ತಿರ ಬಂದು ನಿಂತು ಮೇಲೆ ಏರುವುದೇ ಇಲ್ಲ ಎಂದಾದರೆ ಕೇಬಲಿನ ಎಂಟು ಎಳೆಗಳಲ್ಲಿ ಒಂದು ಸರಿಯಾಗಿ ಕೂತಿಲ್ಲ ಎಂದು ಮೊದಲು ಸಂಶಯಪಡಿ. ತುದಿಯ ಪ್ಲಗ್ ಕತ್ತರಿಸಿ ಹೊಸತು ಹೊಡೆಸಿ.

ಪ್ಲಗ್ಗಿಗೆ ಹಾಕಿ ಕರೆಂಟಿನ ವಯರಿನಲ್ಲೇ ನೆಟ್ ಕಳಿಸುವ ಅಡಾಪ್ಟರುಗಳೂ ಇವೆ. ಇನ್ವರ್ಟರ್ ಇರುವ, ಮೂರು ಫೇಸಿನ, ಹಳೇ ವಯರಿಂಗಿನ ಮನೆಗಳಲ್ಲಿ ಅದರ ಮೇಲೆ ನನಗೆ ನಂಬಿಕೆ ಇಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತೇನೆ ಎಂದರೆ ಮಾತ್ರ ತಂದು ನೋಡಿ.

ಅಮ್ಮನ ಮಾತಿಗೆ ಬರೋಣ. ವೈಫೈ ಬಾಕ್ಸ್ ಹೊರಗೆ ಬಿಡುವ ಶಕ್ತಿ ಸಾಮಾನ್ಯವಾಗಿ ವ್ಯಾಟಿನ ಹತ್ತನೇ ಒಂದು ಭಾಗದ ಆಸುಪಾಸು. ದೂರ ಹೋದಷ್ಟೂ ಅದು ಬೇಗ ಬೇಗ ಕಡಿಮೆಯಾಗುತ್ತದೆ. ಕಿವಿಗೊತ್ತಿ ಹಿಡಿಯುವ ಮೊಬೈಲಿಗೆ ಹೋಲಿಸಿದರೆ ಕೋಣೆಯಾಚೆಯ ಬಾಕ್ಸ್‌ನಿಂದ ಮೈಗೆ ತಾಗುವುದು ತೀರಾ ಕಡಿಮೆ. ಎಕ್ಸ್‌ರೇ ಥರದ ಕಿರಣವೂ ಅಲ್ಲ. ಆದರೂ ಅಮ್ಮನ ಜೊತೆ ಲೆಕ್ಕ ಹೇಳಿ ಗೆದ್ದವರು ಯಾರು? ಅವರ ಕೋಣೆಯಿಂದ ದೂರದ ಗೋಡೆಗೆ ಹಾಕಿ, ರಾತ್ರಿ ಮಲಗುವಾಗ ಸ್ವಿಚ್ ತೆಗೆಯಿರಿ. ನಡುವಿನ ಕೆಂಪುಕಲ್ಲಿನ ಗೋಡೆ ಹೇಗೂ ಸಿಗ್ನಲನ್ನು ತಡೆಯುತ್ತದೆ, ಈ ಒಂದು ವಿಷಯಕ್ಕೆ ಅದು ನಿಮ್ಮ ಪಕ್ಷ.

ಹಟ್ಟಿಯ ಆಫೀಸು ಒಳ್ಳೇ ಯೋಚನೆ. ಆದರೆ ಅಲ್ಲಿ ನಾನೇ ಒಮ್ಮೆ ಮಾಡಿದ ಎಡವಟ್ಟನ್ನು ನೀವು ಮಾಡಬೇಡಿ. ಕೆಲಸ ಶುರು ಮಾಡಿದ ಹೊಸತರಲ್ಲಿ ಬ್ರಹ್ಮಾವರ ಕಡೆಯ ಒಂದು ಮನೆಗೆ ಹೀಗೇ ಹಟ್ಟಿ ತನಕ ನೆಟ್ ಬೇಕಿತ್ತು. ತೆಂಗಿನ ಮರದಿಂದ ಮರಕ್ಕೆ ಲ್ಯಾನ್ ಕೇಬಲ್ ಎಳೆದು ಕಟ್ಟಿದೆ. ಅಂದವಾಗಿ ಓಡಿತು. ಏಪ್ರಿಲ್ ಕೊನೆಯ ಒಂದು ಸಂಜೆ ಗುಡುಗು ಸಿಡಿಲು ಶುರುವಾಯಿತು. ಮನೆಗೆ ಸಿಡಿಲು ಬಡಿದದ್ದೂ ಅಲ್ಲ, ಎಲ್ಲೋ ಹತ್ತಿರ ಬಿದ್ದದ್ದು. ಮರುದಿನ ಹೋಗಿ ನೋಡಿದರೆ ಆ ತುದಿಯ ಸ್ವಿಚ್ಚೂ ಈ ತುದಿಯ ರೌಟರೂ ಎರಡೂ ಸುಟ್ಟಿದ್ದವು. ಲ್ಯಾನ್ ಕಿಂಡಿಯೊಳಗೆ ಕಪ್ಪು ಮಸಿ. ಬಯಲಿನಲ್ಲಿ ತೂಗುವ ಉದ್ದ ತಾಮ್ರದ ತಂತಿ ಸಿಡಿಲಿಗೆ ಹಾಸಿದ ಚಾಪೆ ಎಂದು ಅವತ್ತು ಕಲಿತೆ. ಎರಡೂ ಸಾಮಾನನ್ನು ನನ್ನ ಕೈಯಿಂದಲೇ ಹಾಕಿಕೊಟ್ಟೆ.

ಆದ್ದರಿಂದ ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯಿರಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಎರಡೂ ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ವಯರಿಗೆ ಒಗ್ಗಿಸುವ ಸಣ್ಣ ಡಬ್ಬಿ) ಬೇಕು, ಜೋಡಿಗೆ ಎರಡು ಮೂರು ಸಾವಿರ. ಒಂದೇ ಎಳೆಯ ಫೈಬರಿಗಾದರೆ ಒಂದು ತುದಿಗೆ ಎ, ಇನ್ನೊಂದಕ್ಕೆ ಬಿ ಎಂದು ಬರುತ್ತದೆ, ಎರಡು ಎ ತಂದರೆ ಮಾತಾಡವು. ಫೈಬರಿನ ತುದಿ ಬೆಸೆಯುವ ಮೆಶಿನ್ ನಿಮ್ಮ ಕೇಬಲಿನವರ ಹತ್ತಿರವೇ ಇರುತ್ತದೆ, ಚಾ ಕುಡಿಸಿ ಕೇಳಿದರೆ ಮಾಡಿಕೊಡುತ್ತಾರೆ. ಒಂದೇ ಎಚ್ಚರ: ಹೊರಗೆ ಎಳೆಯುವ ಕೆಲವು ಫೈಬರ್ ಕೇಬಲುಗಳ ಜೊತೆ ಬಲಕ್ಕೆಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಮನೆಯೊಳಗೆ ತರದೆ ಹೊರಗೇ ಕತ್ತರಿಸಬೇಕು. ಪಿವಿಸಿ ಪೈಪಿನಲ್ಲಿ ಹಾಕಿ ಮಣ್ಣಿನಡಿ ಹೂತರೆ ಉತ್ತಮ. ತೋಟ ಅಗೆಯುವವರಿಗೆ ಜಾಗ ತೋರಿಸಿಟ್ಟಿರಿ. ಎರಡು ಡಿಶ್ ಎದುರುಬದುರು ಇಟ್ಟು ಗಾಳಿಯಲ್ಲೇ ಕಳಿಸುವ ದಾರಿಯೂ ಇದೆ, ನಡುವೆ ಏನೂ ಅಡ್ಡ ಇಲ್ಲದಿದ್ದರೆ ಬಹಳ ಚೆನ್ನ. ಆದರೆ ನಡುವೆ ಒದ್ದೆ ತೆಂಗಿನ ಗರಿ ಬಂದರೆ ಮಳೆಗಾಲದಲ್ಲಿ ಮತ್ತೆ ನನಗೇ ಪತ್ರ ಬರೆಯುತ್ತೀರಿ. ಹಟ್ಟಿಯ ಮಾಡಿಗೆ ತಗಡಿನ ಶೀಟ್ ಹಾಕುವುದಾದರೆ ಒಳಗೆ ಮೊಬೈಲ್ ಸಿಗ್ನಲ್ಲೂ ಕಡಿಮೆಯಾಗುತ್ತದೆ. ನೆಟ್ ಹೋದಾಗ ಮೊಬೈಲ್ ಹಾಟ್‌ಸ್ಪಾಟ್ ಇದೆಯಲ್ಲ ಎಂದು ನಂಬಿಕೊಳ್ಳುವ ಮೊದಲು ಅಲ್ಲಿ ನಿಂತು ಒಂದು ಕಾಲ್ ಮಾಡಿ ನೋಡಿ.

ಕರೆಂಟ್ ಹೋದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡುತ್ತದೆ, ಬಾಕ್ಸ್ ಓಡುವುದಿಲ್ಲ. ಚಾವಡಿಯ ಆ ಪ್ಲಗ್ ಇನ್ವರ್ಟರಿಗೆ ಸೇರಿದೆಯೇ ಎಂದು ನೋಡಿ. ಇಲ್ಲದಿದ್ದರೆ 12 ವೋಲ್ಟಿನ ಸಣ್ಣ ಯುಪಿಎಸ್ ಸಾಕು. ಬಾಕ್ಸ್‌ಗೆ ಒಂದು, ಆಕ್ಸೆಸ್ ಪಾಯಿಂಟಿಗೆ ಇನ್ನೊಂದು. ಕೆಳಗಿನದ್ದಕ್ಕೆ ಮಾತ್ರ ಹಾಕಿ ಮೇಲಿನದ್ದು ಮರೆತವರು ಬಹಳ ಮಂದಿ. ಗುಡುಗು ಕೇಳಿಸಿದರೆ ಮಾತ್ರ ಯುಪಿಎಸ್ಸಿನ ಪ್ಲಗ್ಗನ್ನೂ ಗೋಡೆಯಿಂದ ಕಿತ್ತಿಡಿ. ಸಿಡಿಲಿನ ಪೆಟ್ಟು ಹೆಚ್ಚಾಗಿ ಬರುವುದು ಕರೆಂಟಿನ ದಾರಿಯಲ್ಲೇ.

ಆ 1,800ರ ರಿಪೀಟರನ್ನು ಎಸೆಯಬೇಡಿ. ತಿರುಗಿಸಿ ನೋಡಿ, ಎಷ್ಟೋ ರಿಪೀಟರುಗಳ ಕೆಳಗೆ ಒಂದು ಲ್ಯಾನ್ ಕಿಂಡಿ ಇರುತ್ತದೆ. ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಹೊಸ ವಯರಿನ ತುದಿಯನ್ನು ಮೊದಲು ಅದಕ್ಕೇ ಚುಚ್ಚಿ. ಹೊಸ ಡಬ್ಬಿ ಬೇಕೋ ಬೇಡವೋ ಎಂದು ಒಂದು ವಾರ ಅದರಲ್ಲೇ ಮೀಟಿಂಗ್ ಮಾಡಿ ತೀರ್ಮಾನಿಸಿ.